ನನ್ನ ಕಥೆಯೊಳಗೆ ಫೋನು ಬಂದದ್ದು

ನನ್ನ ಗೃಹಪ್ರವೇಶಕ್ಕೆ ಅಕ್ಕ ಬರುವುದಿಲ್ಲವೇನೋ ಎಂದು ಎರಡು ದಿನ ನನಗೆ ಊಟ ಸೇರಲಿಲ್ಲ. ತಪ್ಪು ನನ್ನದೇ. ಅದು ಹೊಳೆದದ್ದು ಮಾತ್ರ ಒಂದು ಸಿನಿಮಾದಿಂದ.

ನಾನು ಬರೆದ ಕಥೆಗಳಲ್ಲಿ ಚಿತ್ರವಾಗುವ ಭಾಗ್ಯ ಸಿಕ್ಕಿದ್ದು ಒಂದಕ್ಕೇ, ಅದೂ ಎರಡು ಸಲ. ಬೆಟ್ಟದಪುರದ ತಮ್ಮನೊಬ್ಬ ಮಗಳ ನಾಮಕರಣಕ್ಕೆ ಹ್ಯಾಂಡ್‌ಪೋಸ್ಟ್ ಊರಿನ ಅಕ್ಕನನ್ನು ಕರೆಯಲು ಹೊರಡುತ್ತಾನೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯಲ್ಲಿ ಸೊಪ್ಪು ಹದವಾಗುತ್ತಿದೆ, ಉರಿ ನೋಡಿಕೊಳ್ಳುವವರಿಲ್ಲ. ಆದರೂ ಹೋಗುತ್ತಾನೆ. ಮನೆಗೇ ಹೋಗಿ ಎಲೆಅಡಿಕೆ ಕೊಟ್ಟು ಕರೆಯದಿದ್ದರೆ ನಮ್ಮಲ್ಲಿ ಅದು ಕರೆದಂತಲ್ಲ. ಸೊಪ್ಪು ಸೀದುಹೋಗುತ್ತದೆ, ಅಕ್ಕ ಬರುತ್ತಾಳೆ. ಆ ತಮ್ಮ ನಾನೇ ಎಂದು ಬೇರೆ ಹೇಳಬೇಕಿಲ್ಲ.

ಮೊದಲ ಸಲ ಟೀವಿಯವರು ಅಕ್ಕನ ಮನೆಯಲ್ಲಿ ಕಸೂತಿ ಬಟ್ಟೆ ಹೊದಿಸಿದ ಕಪ್ಪು ಫೋನೊಂದನ್ನು ತಂದಿಟ್ಟರು. ಕಥೆಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಆಗ ಫೋನಿದ್ದವರೇ ಸ್ಥಿತಿವಂತರು. ಕ್ಯಾಮೆರಾ ನಾಯಕಿಗಿಂತ ಹೆಚ್ಚು ಹೊತ್ತು ಅದನ್ನೇ ನೋಡಿತು.

ಈ ವರ್ಷ ಹುಣಸೂರಿನಿಂದ ಒಬ್ಬಳು ನಿರ್ದೇಶಕಿ ಬಂದಳು. "ಈಗಿನ ಕಾಲಕ್ಕೆ ಬದಲಾಯಿಸ್ತೀನಿ ಸಾರ್. ಅವನು ವಾಟ್ಸಾಪಲ್ಲಿ ಕಾರ್ಡ್ ಕಳಿಸ್ತಾನೆ. ಅಕ್ಕ ನೋಡ್ತಾಳೆ, ಬರಲ್ಲ."

ನನಗೆ ಮೈಯೆಲ್ಲ ಉರಿಯಿತು. ಹಳೆಯ ಕಾವ್ಯದ ಪ್ರೇಮಿಗಳು ಹಂಸದ ಕೈಲಿ, ಗಿಳಿಯ ಕೈಲಿ, ಕೊನೆಗೆ ಮೋಡದ ಕೈಲೂ ಮಾತು ಕಳಿಸಿದರು, ಒಬ್ಬರೂ ನೆಟ್‌ವರ್ಕ್ ಇಲ್ಲವೆಂದು ದೂರಲಿಲ್ಲ ಎಂದೆಲ್ಲ ಅರ್ಧ ಗಂಟೆ ಭಾಷಣ ಬಿಗಿದೆ. ಆಕೆ ತಾಳ್ಮೆಯಿಂದ ಕೇಳಿ, "ನಿಮ್ಮ ಗೃಹಪ್ರವೇಶದ ಕಾರ್ಡ್ ನನಗೂ ಬಂತು ಸಾರ್, ವಾಟ್ಸಾಪಲ್ಲೇ" ಎಂದಳು.

ಅಕ್ಕನಿಗೂ ಹಾಗೇ ಕಳಿಸಿದ್ದೆ. ನೋಡಿ ಎರಡು ದಿನವಾಗಿತ್ತು. ಉತ್ತರವಿರಲಿಲ್ಲ.

ಮರುದಿನವೇ ಹೆಂಡತಿಯನ್ನು ಕರೆದುಕೊಂಡು ಹ್ಯಾಂಡ್‌ಪೋಸ್ಟಿನ ಬಸ್ಸು ಹತ್ತಿದೆ. ಅಕ್ಕ ಬಾಗಿಲಲ್ಲೇ ನಿಂತು, "ಅವತ್ತು ಬ್ಯಾರನ್ ಬುಟ್ಟು ಓಡ್ಬಂದೋನು, ಇವತ್ತು ಕೂತಲ್ಲೇ ಬೆರಳಾಡ್ಸಿ ಕರೀತೀಯೇನ್ಲಾ?" ಎಂದಳು. ನನಗೆ ಕಣ್ಣು ತುಂಬಿತು. ತಟ್ಟೆಯಲ್ಲಿ ಎಲೆಅಡಿಕೆ ಇಟ್ಟು ನೀಡಿದೆ. ಅಕ್ಕ ತೆಗೆದುಕೊಂಡಳು. "ಹಿಂದಿನ್ ದಿನವೇ ಬತ್ತೀನಿ ಬುಡು" ಎಂದಳು.

ಯಂತ್ರ ಮನುಷ್ಯರನ್ನು ದೂರ ಮಾಡಿತು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಅದು ನಮ್ಮ ನೆಪಗಳನ್ನು ಹೆಚ್ಚಿಸಿದೆ, ಅಷ್ಟೆ. ನಿರ್ದೇಶಕಿಗೆ ಅಲ್ಲಿಂದಲೇ ಫೋನು ಮಾಡಿ, ವಾಟ್ಸಾಪ್ ಇರಲಿ, ಆದರೆ ತಮ್ಮ ಹೋಗಲೇಬೇಕು ಎಂದೆ.

ಅಷ್ಟರಲ್ಲಿ ಅಕ್ಕ ನನ್ನನ್ನು ತಟ್ಟೆಯ ಪಕ್ಕ ನಿಲ್ಲಿಸಿ ಫೋಟೋ ತೆಗೆದು, 'ತಮ್ಮ ಮನೆಗೇ ಬಂದು ಕರೆದ' ಎಂದು ಬಂಧುಗಳ ಗ್ರೂಪಿಗೆ ಹಾಕಿಬಿಟ್ಟಳು. ಬಸ್ಸು ಬರುವುದರೊಳಗೆ ಗ್ರೂಪಿನಲ್ಲೇ ಹೊಸ ಅಗ್ರಹಾರದ ಚಿಕ್ಕಮ್ಮನ ದನಿ ಬಂತು: "ನಮ್ಮನೆಗ್ ಯಾವತ್ತು ಬತ್ತೀಯಪ್ಪಾ? ನಮ್ಗೂ ಬರೀ ಕಾರ್ಡೇ ಬಂದದೆ ಕಣಪ್ಪ."