ಅಫ್ಸಾನಾ ನೋಡಿದ ಕೊಳವೆ

ಕುಷ್ಟಗಿಯ ಒಂದು ಲ್ಯಾಬಿನಲ್ಲಿ ಅಫ್ಸಾನಾ ರಕ್ತ ಪರೀಕ್ಷೆ ಮಾಡಲು ಕೂತು ಹನ್ನೊಂದು ವರ್ಷವಾಯಿತು. ಕೊಬ್ಬಿನ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಎಷ್ಟು ಬಡಕೊಂಡರೂ ಈ ಕಡೆಯ ಜನ ಮಿರ್ಚಿ ಬಜಿಯನ್ನು ಊಟವೆಂದು ಎಣಿಸುವುದೇ ಇಲ್ಲ. ಆದರೆ ಅವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಕೊಳವೆಗೆ ತುಂಬಿ ಯಂತ್ರದಲ್ಲಿ ತಿರುಗಿಸಿದ ರಕ್ತದ ಮೇಲೆ ನಿಲ್ಲುವ ತಿಳಿ, ಕುಸುಬಿ ಎಣ್ಣೆಯಂತೆ ಹೊಳೆಯಬೇಕು. ಮಜ್ಜಿಗೆಯಂತೆ ಬೆಳ್ಳಗಾದರೆ ಆಸಾಮಿ ಎಲ್ಲೋ ಬಾಯಾಡಿಸಿ ಬಂದಿದ್ದಾನೆಂದೇ ಅರ್ಥ.

ಸೋಮವಾರ ಬೇವೂರಿನ ರೈತ ಕಳಕಪ್ಪನ ಕೊಳವೆ ಹಾಗೆಯೇ ಬೆಳ್ಳಗಾಯಿತು.

“ಕಾಕಾ, ಎಷ್ಟು ಮಿರ್ಚಿ ತಿಂದೀರಿ?”

“ಊಟ ಮಾಡಿಲ್ಲವ್ವ. ಎರಡು ಮಿರ್ಚಿ ಅಷ್ಟ.”

“ನಾಳಿ ಬರೇ ನೀರು ಕುಡದು ಬರ್ರಿ” ಎಂದು ಗದರಿಸಿ ಕಳಿಸಿದಳು.

ಮರುದಿನವೂ ಅವನ ಕೊಳವೆ ಬೆಳ್ಳಗೇ ಇತ್ತು. ಬೈಯಲು ಹೊರಟವಳು ಹಸಿವಿಗೆ ಬಾಡಿದ ಅವನ ಮುಖ ನೋಡಿ ತಡೆದುಕೊಂಡಳು. ಉಪವಾಸವಿದ್ದರೂ ರಕ್ತದಲ್ಲಿ ಇಷ್ಟು ಕೊಬ್ಬು ತೇಲುತ್ತಿದೆಯೆಂದರೆ ಅದು ಮಿರ್ಚಿಯದಲ್ಲ, ಮೈಯೊಳಗಿನ ರೋಗದ್ದು.

“ಖರೇನ ಏನೂ ತಿಂದಿಲ್ಲವ್ವ” ಎಂದ ಕಳಕಪ್ಪ.

ಅಫ್ಸಾನಾ ಎದ್ದು, ಡಾಕ್ಟರ ಕೋಣೆಗೆ ತಾನೇ ಅವನನ್ನು ಕರೆದುಕೊಂಡು ನಡೆದಳು.

“ಗೊತ್ತೈತ್ರಿ ಕಾಕಾ. ಇವತ್ತೂ ನೀವು ತಿಂದು ಬಂದಿದ್ರನ ಛಲೋ ಇತ್ತು.”