ಬೇಲಿ ಪಕ್ಕದ ಬಿಳಿ ಕೊಡೆ

ಎವೆಲಿಯಾಗೆ ಒಂಬತ್ತು ದಿನದ ಕೂಲಿ ಇನ್ನೂ ಬರಬೇಕು. ಅವಳ ಎರಡು ಕೈಗಳ ಮಾತನ್ನಂತೂ ಯಾರೂ ಎತ್ತಿಲ್ಲ.

ನ್ಯೂಯಾರ್ಕ್ ರಾಜ್ಯದ ಸೇಬಿನ ಸೀಮೆಯಲ್ಲಿ ಹದಿನಾಲ್ಕು ವರ್ಷ ಪರರ ಅಂಗಳದ ಕಳೆ ಕಿತ್ತವಳು ಅವಳು. ದಕ್ಷಿಣದ ಗಡಿಯಾಚೆಯ ಓಹಾಕಾ ಬೆಟ್ಟದಿಂದ ಬಂದ ಹೆಂಗಸು. ಎಲೆ ಮೂಸಿದರೆ ಸಾಕು, ಇದು ಸಾರಿಗೆ, ಇದು ಹೊಟ್ಟೆನೋವಿಗೆ, ಇದರ ಸಹವಾಸ ಬೇಡ ಎಂದು ಹೇಳಿಬಿಡುತ್ತಿದ್ದಳು. ಇಂಗ್ಲಿಷಿನಲ್ಲಿ ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ಜುಲೈನ ಒಂದು ಭಾನುವಾರ ಮಿಸೆಸ್ ಪ್ರೆಂಟಿಸ್ ಅವರ ತೋಟ ನೋಡಲು ಊರವರು ಬರುವುದಿತ್ತು. ಅಂಥ ದಿನ ಪ್ರತಿ ಗಿಡದ ಬುಡದಲ್ಲೂ ಹೆಸರಿನ ತಗಡು ಇರಲೇಬೇಕು. ಬೇಲಿ ಪಕ್ಕ ತಾನಾಗಿ ಎದ್ದು, ಎರಡಾಳೆತ್ತರಕ್ಕೆ ಬಿಳಿ ಕೊಡೆಯಂಥ ಹೂ ಬಿಚ್ಚಿದ್ದ ಗಿಡಗಳಿಗೆ ಮಾತ್ರ ಹೆಸರಿರಲಿಲ್ಲ. ಅದಕ್ಕೆ ಮೊದಲಿನ ಬುಧವಾರ ತೋಟದ ಕ್ಲಬ್ಬಿನ ಹೆಂಗಸರು ಬಂದು ಸುತ್ತ ನಿಂತರು.

"ಏಂಜೆಲಿಕಾ ಕಣ್ರೇ! ನಮ್ಮಜ್ಜಿ ಇದರ ದಂಟನ್ನ ಸಕ್ಕರೆ ಪಾಕಕ್ಕೆ ಹಾಕಿ ಕೇಕಿನ ಮೇಲಿಡ್ತಿದ್ಲು," ಎಂದಳು ಒಬ್ಬಳು. ಉಳಿದವರು ಹೂಂಗುಟ್ಟಿದರು. ಅಲ್ಲಿಗೆ ನಾಮಕರಣ ಮುಗಿಯಿತು. ಒಂದು ಗಿಡ ಬಿಟ್ಟು ಉಳಿದವನ್ನು ಕಡಿದು, ಭಾನುವಾರದ ಕೇಕಿಗೆ ದಂಟು ಎತ್ತಿಡಬೇಕೆಂದು ಎವೆಲಿಯಾಗೆ ಅಪ್ಪಣೆಯಾಯಿತು.

"ಸೆನ್ಯೋರಾ, ದಂಟಿನ ಮೇಲಿನ ಕೆನ್ನೀಲಿ ಮಚ್ಚೆ ನೋಡಿ, ಆ ಒರಟು ಕೂದಲು ನೋಡಿ. ಇದು ತಿನ್ನೋ ಗಿಡ ಅಲ್ಲ," ಎಂದಳು ಎವೆಲಿಯಾ ಮನೆಯೊಡತಿಗೆ.

"ಹಾಗಾದ್ರೆ ಇದರ ಹೆಸರೇನು, ನೀನೇ ಹೇಳು!" ಎಂದರು ಮಿಸೆಸ್ ಪ್ರೆಂಟಿಸ್.

ಎವೆಲಿಯಾ ಒಂದು ಎಲೆ ಮುರಿದು ಚೀಲಕ್ಕೆ ಹಾಕಿಕೊಂಡಳು. ಅವರು ನಕ್ಕರು. ಅವಳನ್ನು ಕೆಲಸಕ್ಕೆ ಕರೆತಂದ ಕಾಂಟ್ರಾಕ್ಟರ್ ರೂಬೆನ್ ಚರ್ಚಿನಲ್ಲಿ ಅವಳ ಮಗಳಿಗೆ ಧರ್ಮಪಿತನಾದವನು; ಆ ನಂಟಿನಿಂದ ಅವನು ಅವಳನ್ನು ಕೊಮಾದ್ರೆ ಎಂದೂ ಅವಳು ಅವನನ್ನು ಕೊಂಪಾದ್ರೆ ಎಂದೂ ಕರೆಯುವುದು ರೂಢಿ. "ಕೊಮಾದ್ರೆ, ನೀನೇನು ಪ್ರೊಫೆಸರಾ? ಬಾಯ್ಮುಚ್ಕೊಂಡು ಕಡಿ."

"ಗ್ಲೌಸು?"

"ನಾಳೆ ತರ್ತೀನಿ."

ನಡುಹಗಲ ಬಿಸಿಲಲ್ಲಿ ಮೂರು ತಾಸು ಕಡಿದಳು. ಟೊಳ್ಳು ದಂಟಿನ ರಸ ಮೊಣಕೈವರೆಗೆ ಇಳಿಯಿತು. ಶುಕ್ರವಾರದ ಹೊತ್ತಿಗೆ ಕೈತುಂಬ ಕೋಳಿಮೊಟ್ಟೆ ಗಾತ್ರದ ಬೊಬ್ಬೆ. ಅವಳು ಚೀಲದಲ್ಲಿ ಒಯ್ದಿದ್ದ ಎಲೆ ನೋಡಿದ್ದೇ ಡಾಕ್ಟರು, "ಜೈಂಟ್ ಹಾಗ್‌ವೀಡ್. ಇದರ ರಸದ ಮೇಲೆ ಬಿಸಿಲು ಬಿದ್ರೆ ಚರ್ಮ ಸುಡುತ್ತೆ. ವರ್ಷಗಟ್ಟಲೆ ಈ ಕೈಗೆ ಬಿಸಿಲು ತಾಗಿಸ್ಬೇಡ," ಎಂದರು. ಅವಳ ಅನ್ನವೇ ಬಿಸಿಲಲ್ಲಿತ್ತು.

ಆದರೂ ಅವತ್ತೇ ಮಿಸೆಸ್ ಪ್ರೆಂಟಿಸ್ ಅವರಿಗೆ ಫೋನ್ ಮಾಡಿ ಹೆಸರು ತಿಳಿಸಿದಳು. "ಯಾರೂ ಅದನ್ನ ತಿನ್ಬೇಡಿ, ಸೆನ್ಯೋರಾ."

ಭಾನುವಾರ ಆ ಗಿಡದ ಸುತ್ತ ಹಗ್ಗ ಬಂತು. ಹೊಸ ತಗಡು ಬಂತು: ಜೈಂಟ್ ಹಾಗ್‌ವೀಡ್, ಮುಟ್ಟಬೇಡಿ. ಬಂದವರ ಒಂದು ಬೆರಳಿಗೂ ಏನೂ ಆಗಲಿಲ್ಲ. ಸೋಮವಾರ, ಅವಳ ಸುಟ್ಟ ಕೈಗಳಿಗೆ ಪರಿಹಾರ ಕೇಳುವ ಅರ್ಜಿಯಲ್ಲಿ 'ಯಾವ ಗಿಡ' ಎಂಬಲ್ಲಿ ರೂಬೆನ್ 'ಗೊತ್ತಿಲ್ಲ' ಎಂದು ಬರೆದ. ಕೆಲಸ ಅರ್ಧಕ್ಕೆ ಬಿಟ್ಟಳೆಂದು ಒಂಬತ್ತು ದಿನದ ಕೂಲಿಯನ್ನೂ ಹಿಡಿದಿಟ್ಟ.

"ಹೆಸರು ಬರೆದ್ರೆ ಈ ಬೀದೀಲಿ ನಮಗೆ ಯಾರು ಕೆಲಸ ಕೊಡ್ತಾರೆ, ಕೊಮಾದ್ರೆ?"

"ನನಗೆ ಈಗ ಯಾವ ಕೆಲಸ ಉಳಿದಿದೆ, ಕೊಂಪಾದ್ರೆ?"

ಅರ್ಜಿ ವಾಪಸ್ ಬಂತು. ಗೊತ್ತಿಲ್ಲದ ಗಿಡಕ್ಕೆ ಪರಿಹಾರವಿಲ್ಲವಂತೆ.

ಓದುತ್ತಿರುವ ನಿಮ್ಮ ಹಿತ್ತಲಲ್ಲೂ ಯಾರದೋ ಕೈ ಕಳೆ ಕೀಳುತ್ತಿರಬಹುದು. ಹೆಸರು ಗೊತ್ತಿಲ್ಲದ ಗಿಡ ಎದ್ದಿದ್ದರೆ ಕುಡುಗೋಲು ಆ ಕೈಗೆ ಕೊಡಬೇಡಿ. ಮೊದಲು ಆ ಕೈಯವಳನ್ನು ಕೇಳಿ. ಬೇಡ ಎಂದರೆ, ನೀವೇ ಹೋಗಿ ಕಡಿಯಿರಿ.