ವೈನಿಯೊಂದಿಗೆ ಒಂದೇ ಡೇರೆ

ನಲವತ್ತೆಂಟನೆಯ ವಯಸ್ಸಿನಲ್ಲಿ ಹಿಮಾಲಯ ಹತ್ತಬೇಕೆಂದು ಹೊರಟಾಗ ನನ್ನ ಬಳಿ ನಲವತ್ತೊಂದು ಸಾವಿರ ರೂಪಾಯಿ ಇತ್ತು. ಇಚಲಕರಂಜಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತೇನೆ. ಎರಡು ವರ್ಷದ ಜೂನ್ ತಿಂಗಳ ದುಡಿಮೆಯಲ್ಲಿ ಉಳಿಸಿದ ಹಣ ಅದು. ಹಿಮ ಎಂಬುದನ್ನು ಫ್ರಿಜ್ಜಿನೊಳಗೆ ಬಿಟ್ಟರೆ ಬೇರೆಲ್ಲೂ ನಾನು ನೋಡಿರಲಿಲ್ಲ. ಸಾಯುವ ಮೊದಲು ಒಮ್ಮೆ ಅದರ ಮೇಲೆ ನಡೆಯಬೇಕು ಅನ್ನಿಸಿತ್ತು. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಕೊಲ್ಹಾಪುರದಲ್ಲಿ ನಿವೃತ್ತ ಕ್ರೀಡಾ ಶಿಕ್ಷಕರೊಬ್ಬರು ಪ್ರತಿ ಮೇ ತಿಂಗಳು ಹತ್ತಾರು ಜನರನ್ನು ಉತ್ತರಾಖಂಡಕ್ಕೆ ಕರೆದೊಯ್ಯುತ್ತಿದ್ದರು. ಹದಿನಾಲ್ಕು ಸಾವಿರ ಅಡಿ ಎತ್ತರದಲ್ಲಿ ಎರಡು ಶಿಖರಗಳ ನಡುವಿನ ಘಾಟು ದಾಟಿ ಆಚೆಗೆ ಇಳಿಯುವುದು, ಏಳು ದಿನದ ನಡಿಗೆ. ಅವರ ಶುಲ್ಕ ಹದಿನೆಂಟೂವರೆ ಸಾವಿರ. ನಮ್ಮ ಗುಂಪಿನಲ್ಲಿ ನಾನೊಬ್ಬಳೇ ಹೆಂಗಸು, ಹಾಗಾಗಿ ಬೇರೆ ಡೇರೆಗೆ ಮತ್ತೆ ನಾಲ್ಕೂವರೆ ಸಾವಿರ. ರೈಲು, ಜೀಪು, ಬೂಟು, ಬಾಡಿಗೆಯ ದಪ್ಪ ಕೋಟು, ವಿಮೆ, ಡಾಕ್ಟರ ಸರ್ಟಿಫಿಕೇಟು ಎಲ್ಲ ಕೂಡಿಸಿದರೆ ಆಪತ್ತಿಗೆಂದು ಕೈಯಲ್ಲಿ ಉಳಿಯುತ್ತಿದ್ದದ್ದು ನಾಲ್ಕೂವರೆ ಸಾವಿರ ಮಾತ್ರ. ನಾವೆಲ್ಲ ಸರ್ ಎನ್ನುತ್ತಿದ್ದ ಆ ಶಿಕ್ಷಕರು ನನ್ನ ಲೆಕ್ಕದ ಕಾಗದ ನೋಡಿ ತಲೆ ಅಲ್ಲಾಡಿಸಿದ್ದರು. ಆಪತ್ತಿನ ಹಣ ಅದರ ಎರಡು ಪಟ್ಟು ಇರಬೇಕು, ಗುಡ್ಡದ ಮೇಲೆ ಯಾರೂ ಉದ್ರಿ ಕೊಡುವುದಿಲ್ಲ ಎಂದಿದ್ದರು.

ಅದೇ ವಾರ ಗಡಹಿಂಗ್ಲಜದಿಂದ ಅಣ್ಣ ಫೋನು ಮಾಡಿದ.

"ನಿಮ್ಮ ವೈನಿನೂ ಹೆಸರ ಹಚ್ಯಾಳ."

"ಎದಕ್ಕ?"

"ಅದ, ನೀ ಹೊಂಟಿಯಲ್ಲ, ಹಿಮಾಲಯಕ್ಕ."

ನಾನು ಫೋನು ಇಟ್ಟುಬಿಟ್ಟೆ. ವೈನಿ ಎಂದರೆ ಈ ಅಣ್ಣನ ಹೆಂಡತಿ. ಅವಳೂ ನಾನೂ ಮಾತಾಡಿ ಮೂರು ವರ್ಷವಾಗಿತ್ತು. ನಮ್ಮ ಅವ್ವ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದು ಅವರ ಮನೆಯಲ್ಲೇ ಇದ್ದಳು. ನಾನು ಪ್ರತಿ ರವಿವಾರ ಬಸ್ಸು ಹತ್ತಿ ಹೋಗುತ್ತಿದ್ದೆ, ಸಂಜೆ ಬರುತ್ತಿದ್ದೆ. ಅವ್ವ ಹೋದ ಮೇಲೆ ಹನ್ನೆರಡನೆಯ ದಿನ, ಊಟಕ್ಕೆ ಕೂತ ಬೀಗರ ಎದುರಿಗೆ ವೈನಿ ನನ್ನನ್ನು ಅತಿಥಿಗೆ ಹೋಲಿಸಿ ಅಂದಳು: "ಪಾವಣೇರಂಗ ಬಂದು ಉಂಡು ಹೋದ್ರ ಸೇವಾ ಅನ್ನಸೂದಿಲ್ಲ." ನಾನೂ ಸುಮ್ಮನಿರಲಿಲ್ಲ. "ನೀವು ಮಾಡಿದ್ದ ಸೇವಾ ಅವ್ವ ನನಗ ಎಲ್ಲಾ ಹೇಳ್ಯಾಳ" ಎಂದು ಎದ್ದುಬಂದೆ. ಕೈ ಕೂಡ ತೊಳೆದಿರಲಿಲ್ಲ.

ಆಕೆ ಹೆಸರು ಹಚ್ಚಿದ್ದು ಗುಡ್ಡದ ಮೇಲಿನ ಪ್ರೀತಿಗಲ್ಲ ಎಂಬುದು ನನಗೆ ಖಾತ್ರಿ ಇತ್ತು. ನಾನು ಹೊರಟಿದ್ದೇನೆಂದು ಯಾರೋ ಹೇಳಿದ್ದಾರೆ, ನನಗಿಂತ ಏಳು ವರ್ಷ ದೊಡ್ಡವಳಾದರೂ ತಾನೇನು ಕಡಿಮೆ ಎಂದು ಹೊರಟಿದ್ದಾಳೆ. ಹಿಂದೆಗೆಯುವ ಮನಸ್ಸು ನನಗೆ ಬಂದಿತ್ತು. ಆದರೆ ಹಿಂದೆಗೆದರೆ ಅವಳೇ ಗೆದ್ದಂತೆ.

ಮಾರ್ಚಿನಲ್ಲಿ ಕೊಲ್ಹಾಪುರದಲ್ಲಿ ಸರ್ ಮನೆಯ ಮಹಡಿಯ ಮೇಲೆ ಎಲ್ಲರ ಸಭೆ ನಡೆಯಿತು. ಎಂಟು ಗಂಡಸರು, ನಾವಿಬ್ಬರು. ವೈನಿ ಹೊಸ ಬೂಟು ಹಾಕಿಕೊಂಡು, ಸೀರೆಯನ್ನು ಗಿಡ್ಡ ಮಾಡಿ ಉಟ್ಟು ಬಂದಿದ್ದಳು. ಸರ್ ನಮ್ಮಿಬ್ಬರನ್ನೂ ಒಂದು ಕಡೆ ಕೂರಿಸಿ, ನೀವಿಬ್ಬರೂ ಒಂದೇ ಡೇರೆಯಲ್ಲಿ ಇದ್ದರೆ ಇಬ್ಬರ ನಾಲ್ಕೂವರೆ ಸಾವಿರವೂ ಉಳಿಯುತ್ತದೆ, ಮೇಲಾಗಿ ಮನೆಯವರೇ ಅಲ್ಲವೇ ಎಂದರು. ವೈನಿ ನನ್ನ ಕಡೆ ನೋಡದೆ ಅವರಿಗೆ ಮರಾಠಿಯಲ್ಲಿ ಹೇಳಿದಳು.

"ಸರ್, ತ್ಯಾಂನಾ ಸಾಂಗಾ, ಮೀ ಘೋರತ ನಾಹೀ."

ತಾನು ಗೊರಕೆ ಹೊಡೆಯುವುದಿಲ್ಲ ಎಂದು ಅವರು ನನಗೆ ತಿಳಿಸಬೇಕಂತೆ. ನಾನೂ ಅವರಿಗೇ ಹೇಳಿದೆ, ನನಗೆ ಗೊರಕೆಯ ಚಿಂತೆ ಇಲ್ಲ, ರೊಕ್ಕ ಉಳಿಯುತ್ತದೆ ಅಂದರೆ ನಾಯಿಯ ಜತೆಗೂ ಮಲಗುತ್ತೇನೆ ಎಂದು. ಸರ್ ಮುಖ ಕೆಂಪಾಯಿತು. ಒಪ್ಪಿಗೆಯ ಕಾಗದವನ್ನು ನಮ್ಮ ಮುಂದೆ ಸರಿಸಿದರು. ಅದರ ಕೆಳಗೆ ಒಂದು ಷರತ್ತು ಇತ್ತು: ಡೇರೆಯ ಜೋಡಿಯಲ್ಲಿ ಒಬ್ಬ ಹೆಂಗಸು ಆರೋಗ್ಯ ಕೆಟ್ಟು ಅರ್ಧ ದಾರಿಯಿಂದ ಇಳಿದರೆ ಇನ್ನೊಬ್ಬಳೂ ಜತೆಗೆ ಇಳಿಯಬೇಕು. ಓದಿಯೇ ಸಹಿ ಮಾಡಿದೆ. ವೈನಿ ಗಟ್ಟಿಮುಟ್ಟಾದ ಹೆಂಗಸು, ದಿನಾ ಗಡಹಿಂಗ್ಲಜದ ಹತ್ತಿರದ ಸಾಮಾನಗಡ ಕೋಟೆ ಹತ್ತಿ ಇಳಿಯುತ್ತಿದ್ದಾಳೆಂದು ಕೇಳಿದ್ದೆ. ಬಿದ್ದರೆ ನಾನೇ ಬೀಳಬೇಕು, ಆಗ ಅವಳಿಗೂ ಘಾಟು ತಪ್ಪುತ್ತದೆ ಎಂಬ ಯೋಚನೆ ನನಗೆ ಖುಷಿ ಕೊಟ್ಟಿತು.

ಮುಂದಿನ ಎರಡು ತಿಂಗಳು ಖರ್ಚಿನ ವಿಷಯದಲ್ಲೇ ಜಗಳ. ಎಲ್ಲವೂ ಅಣ್ಣನ ಫೋನಿನಲ್ಲಿ. ಇಬ್ಬರ ಚೀಲ ಸೇರಿಸಿ ಹೇಸರಗತ್ತೆಯ ಮೇಲೆ ಹೇರಿದರೆ ಬಾಡಿಗೆ ಅರ್ಧ ಎಂದು ವೈನಿ ಹೇಳಿಕಳಿಸಿದಳು. ಒಳ್ಳೆಯ ಮಾತೇ ಆಗಿತ್ತು. ಅವಳ ಬಾಯಿಂದ ಬಂತೆಂದು ನಾನು ಒಲ್ಲೆ ಎಂದೆ. ಔಷಧದ ಪೆಟ್ಟಿಗೆ ಒಂದೇ ಸಾಕು ಎಂದು ನಾನು ಹೇಳಿಕಳಿಸಿದೆ, ಅವಳು ತನ್ನದೇ ಬೇರೆ ತಂದಳು. ಕಡೆಗೆ ಒಂಬತ್ತು ಕಿಲೋ ಚೀಲವನ್ನು ನಾನೇ ಬೆನ್ನ ಮೇಲೆ ಹೊತ್ತೆ, ಅವಳು ತನ್ನದನ್ನು ಹೊತ್ತಳು. ಹೇಸರಗತ್ತೆಗಳು ಗಂಡಸರ ಚೀಲ ಹೊತ್ತುಕೊಂಡು ನಮ್ಮ ಪಕ್ಕದಲ್ಲೇ ಹೋದವು.

ಮೊದಲ ಮೂರು ದಿನ ಚೆನ್ನಾಗಿಯೇ ನಡೆದೆವು. ದೇವದಾರು ಕಾಡು ಮುಗಿದು ಹುಲ್ಲುಗಾವಲು ಬಂತು, ಅದರ ಅಂಚಿನಲ್ಲಿ ಮೊದಲ ಹಿಮದ ಪಟ್ಟಿ. ಮಣ್ಣು ಮೆತ್ತಿಕೊಂಡು ಕೊಳಕಾಗಿತ್ತು. ಆದರೂ ನಾನು ಕುಂತು ಅದರ ಮೇಲೆ ಕೈ ಆಡಿಸಿದೆ. ಹಿಂದಿನಿಂದ ವೈನಿ ದಾಟಿ ಹೋದಳು, ಉಸಿರು ಕೂಡ ಏರಿರಲಿಲ್ಲ.

ಡೇರೆಯೊಳಗೆ ನಾವು ತಲೆ ಕಾಲು ಅದಲುಬದಲು ಮಾಡಿ ಮಲಗುತ್ತಿದ್ದೆವು, ಮುಖ ನೋಡುವುದು ಬೇಡವೆಂದು. ನಮ್ಮದು ಜೈನರ ಮನೆತನ. ನಾನು ಎಂದೋ ಈರುಳ್ಳಿ ತಿನ್ನಲು ಶುರುಮಾಡಿದವಳು. ವೈನಿಗೆ ಹೊತ್ತು ಮುಳುಗಿದ ಮೇಲೆ ಅನ್ನವೂ ಇಲ್ಲ, ನೀರೂ ಇಲ್ಲ. ಮನೆಯಲ್ಲಿ ಅದು ಕಷ್ಟವಾಗುತ್ತಿರಲಿಲ್ಲ. ಆದರೆ ಈ ಎತ್ತರದಲ್ಲಿ ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯಲೇಬೇಕು, ಮಲಗುವ ಮುಂಚೆ ಒಂದು ಲೀಟರ್ ಎಂದು ಸರ್ ಪ್ರತಿ ಸಂಜೆ ಹೇಳುತ್ತಿದ್ದರು. ವೈನಿ ತಲೆ ಆಡಿಸಿ ಬಾಟಲಿ ತುಂಬಿಸಿಕೊಂಡು ಬರುತ್ತಿದ್ದಳು. ಮುಂಜಾನೆ ಅದು ತುಂಬಿದಂತೆಯೇ ಇರುತ್ತಿತ್ತು. ಮೂರನೆಯ ಮುಂಜಾನೆ ಆಕೆ ಹಣೆಯನ್ನು ಸೆರಗಿನಿಂದ ಬಿಗಿಯಾಗಿ ಕಟ್ಟಿಕೊಂಡಿದ್ದಳು. ನಾನು ಬಾಟಲಿಯನ್ನೂ ನೋಡಿದೆ, ಹಣೆಯನ್ನೂ ನೋಡಿದೆ. ಸರ್ ಹತ್ತಿರ ಹೋಗಿ ಹೇಳಲಿಲ್ಲ. ನಮ್ಮಲ್ಲಿ ಮಾತಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ನಾಲ್ಕನೆಯ ದಿನ ಮಧ್ಯಾಹ್ನ ಮೇಲಿನ ಶಿಬಿರಕ್ಕೆ ಮುಟ್ಟಿದೆವು. ಘಾಟು ಎದುರಿಗೇ ಕಾಣುತ್ತಿತ್ತು, ಎರಡು ಕರಿ ಬಂಡೆಗಳ ನಡುವೆ, ಕುದುರೆಯ ಬೆನ್ನಿಗೆ ಬಿಳಿಯ ತಡಿ ಹಾಕಿದ ಹಾಗೆ. ಮರುದಿನ ಅದನ್ನು ದಾಟುವುದಿತ್ತು. ವೈನಿ ಕೊನೆಯವಳಾಗಿ ಬಂದಳು. ಬಂದವಳೇ ಕಲ್ಲಿಗೆ ಒರಗಿ ಎರಡು ಸಲ ವಾಂತಿ ಮಾಡಿಕೊಂಡಳು. ಸರ್ ಬೆರಳಿಗೆ ಆಕ್ಸಿಜನ್ ನೋಡುವ ಯಂತ್ರ ಸಿಕ್ಕಿಸಿದರು. ಅಂಕಿ ಕಂಡು ಅವರ ಮುಖ ಇಳಿಯಿತು. ಸೀದಾ ನಡೆಯಿರಿ ಎಂದಾಗ ಅವಳ ಹೆಜ್ಜೆ ಕುಡಿದವರ ಹಾಗೆ ಅಡ್ಡಾದಿಡ್ಡಿ ಬಿತ್ತು.

"ಇವರು ಈಗಲೇ ಇಳಿಯಬೇಕು," ಎಂದು ಸರ್ ಸ್ಥಳೀಯ ಗೈಡಿಗೆ ಹೇಳಿದರು.

ಅದನ್ನು ಕೇಳಿದಾಗ ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡಲಾರೆ. ದಿನಾ ಸಾಮಾನಗಡ ಹತ್ತಿದವಳು ಕಲ್ಲಿನ ಮೇಲೆ ಕುಂತಿದ್ದಾಳೆ, ನಾನು ನಿಂತಿದ್ದೇನೆ. ಆ ಸಂತೋಷ ಸರ್ ನನ್ನ ಕಡೆ ತಿರುಗುವ ತನಕ ಇತ್ತು. ಆಗ ಷರತ್ತು ನೆನಪಾಯಿತು.

"ನಾ ಇಳಿಯೂದಿಲ್ರಿ," ಎಂದೆ. "ಗೈಡ್ ಅದಾನಲ್ಲ."

"ಬಾಈ, ತುಮಚೀ ಸಹೀ ಆಹೇ," ಎಂದರು ಸರ್. ನನ್ನ ಸಹಿ ಇತ್ತು, ನಿಜ.

ನಮ್ಮ ಗುಂಪಿಗೆ ಇದ್ದದ್ದೇ ಇಬ್ಬರು ಗೈಡುಗಳು, ಶುಲ್ಕ ಕಡಿಮೆ ಇರಲೆಂದು. ಅವರಲ್ಲಿ ಐವತ್ತು ದಾಟಿದ ಒಬ್ಬಾತ ವೈನಿಯ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡು ಹೊರಟ. ಹಿಂದೆ ವೈನಿ, ಅವಳ ಹಿಂದೆ ನಾನು. ಒಮ್ಮೆಯೂ ನಾನು ಘಾಟಿನ ಕಡೆ ತಿರುಗಲಿಲ್ಲ. ಜಾರು ಇಳಿಜಾರಿನಲ್ಲಿ ವೈನಿ ತಡವರಿಸಿದಾಗ ತೋಳು ಹಿಡಿದೆ, ಹಿಡಿದದ್ದು ಬಿಗಿಯಾಗಿಯೇ, ನೋಯುವಷ್ಟು. ಆಕೆ ಬಿಡಿಸಿಕೊಳ್ಳಲಿಲ್ಲ. ಕತ್ತಲಾಗುವ ಮುನ್ನ ಕೆಳಗಿನ ಹುಲ್ಲುಗಾವಲು ಮುಟ್ಟಿದೆವು. ಮರುದಿನ ಇಳಿಯುವುದು ಮುಗಿದು, ಜೀಪು ಹಿಡಿದು ಬುಡದ ಊರಿಗೆ ಬಂದೆವು. ಜೀಪಿಗೆ, ದವಾಖಾನೆಗೆ, ಲಾಡ್ಜಿಗೆ, ಗೈಡಿಗೆ ನನ್ನ ಆಪತ್ತಿನ ಹಣವೇ ಕರಗಿತು. ವೈನಿಯ ಹಣ ಮೇಲೆಯೇ ಸರ್ ಚೀಲದಲ್ಲಿ ಉಳಿದಿತ್ತು. ಕಳೆದುಕೊಂಡೇನು ಎಂದು ಅವರ ಹತ್ತಿರ ಕೊಟ್ಟಿದ್ದಳಂತೆ.

ಗುಂಪು ಆಚೆ ಇಳಿದು ಸುತ್ತಿಬರುವ ತನಕ ಲಾಡ್ಜಿನಲ್ಲಿ ಮೂರು ದಿನ ಕಾಯಬೇಕಿತ್ತು. ಎರಡನೆಯ ದಿನದ ಮಧ್ಯಾಹ್ನಕ್ಕೆ ವೈನಿ ಎದ್ದು ಕುಂತು ಗಂಜಿ ಕುಡಿಯುವಷ್ಟಾಗಿದ್ದಳು. ಲೋಟ ಕೆಳಗಿಟ್ಟು, ಮೂರು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

"ನಿನಗ ಗೊತ್ತಿತ್ತು."

"ಏನ್ ಗೊತ್ತಿತ್ತು?"

"ನಾ ಹೊತ್ತ ಮುಳಗಿದ ಮ್ಯಾಲ ನೀರ ಕುಡಿಯಾಕತ್ತಿಲ್ಲ ಅಂತ. ಬಾಜೂಕ ಮಲಗಿದ್ದಿ. ಯಾಕ ಹೇಳಲಿಲ್ಲ ಸರಗ?"

"ನಿಮಗೂ ನಾಲಿಗಿ ಐತಿ. ನೀವ ಹೇಳಬೇಕಿತ್ತು."

"ಹೌದು. ಅತ್ತೀನ್ನೂ ನೀ ಹಿಂಗ ನೋಡಕೋತ ಕುಂತಿದ್ದಿ, ರವಿವಾರಕ್ಕೊಮ್ಮೆ."

ಅಲ್ಲಿಂದ ಮುಂದೆ ಇಬ್ಬರಿಗೂ ತಡೆ ಇರಲಿಲ್ಲ. ಅವ್ವನಿಗೆ ಚಳಿಗಾಲದಲ್ಲಿ ತಣ್ಣೀರಿನ ಸ್ನಾನ ಮಾಡಿಸಿದ್ದು ನನಗೆ ಗೊತ್ತಿದೆ ಎಂದೆ.

"ಯಾರ ಹೇಳಿದ್ರು ನಿನಗ?"

"ಅವ್ವನ ಹೇಳ್ಯಾಳ. ಪ್ರತಿ ರವಿವಾರ ಅಳತಿದ್ಲು."

ವೈನಿ ತಗ್ಗಿದ ದನಿಯಲ್ಲಿ ಹೇಳಿದಳು, "ದಿನಾ ಐದಕ್ಕ ಎದ್ದ ಬಂಬ ಹೊತ್ತಿಸಿ ನೀರ ಕಾಸತಿದ್ದೆ. ಎರಡ ವರ್ಷ. ನಿಮ್ಮ ಅಣ್ಣನ್ನ ಕೇಳ. ನನಗ ಅತ್ತಿ ಏನ್ ಹೇಳತಿದ್ರು ಗೊತ್ತೇನ? ಮಗಳು ಮನ್ಯಾಗ ಪಾಲ ಕೇಳಾಕತ್ತಾಳ, ವಕೀಲನ್ನ ಹಿಡದಾಳ ಅಂತ."

ನಾನು ಯಾವ ವಕೀಲನನ್ನೂ ಹಿಡಿದಿರಲಿಲ್ಲ. ಆ ಮನೆಯಲ್ಲಿ ಪಾಲು ಕೇಳುವ ವಿಚಾರ ನನಗೆ ಕನಸಿನಲ್ಲೂ ಬಂದಿರಲಿಲ್ಲ.

"ಸತ್ತಾಕಿ ಮ್ಯಾಲ ಹಾಕಬ್ಯಾಡ್ರಿ," ಎಂದೆ.

"ನಾ ಯಾಕ ಹಾಕಲಿ? ನೀ ಹಾಕಿದಿ ಈಗ, ತಣ್ಣೀರ ಅಂತ ಅವರ ಹೇಳಿದ್ರು ಅಂದು."

ಬಾಗಿಲು ದಬ್ಬಿಕೊಂಡು ಹೊರಗೆ ಹೋದೆ. ಲಾಡ್ಜಿನ ಹಿಂದೆ ನದಿ ಮೊರೆಯುತ್ತಿತ್ತು, ಅದರ ದಂಡೆಯ ಮೇಲೆ ಸಂಜೆ ತನಕ ಕುಂತೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು, ನಾನು ಹೊರಟಾಗ ಕೈ ಹಿಡಿದು ಬಿಡದಿರುವುದು ಎಲ್ಲ ನೆನಪಾಯಿತು. ಹಾಸಿಗೆ ಹಿಡಿದ ಮುದುಕಿ, ಇಬ್ಬರೂ ತನ್ನ ಕಡೆಗೇ ಇರಲೆಂದು ಒಬ್ಬಳಿಗೆ ಇನ್ನೊಬ್ಬಳ ಮೇಲೆ ಚಾಡಿ ಹೇಳಿದ್ದಳೇ? ನಂಬುವ ಮನಸ್ಸಿರಲಿಲ್ಲ. ಆದರೆ ವೈನಿಯ ಮುಖದಲ್ಲಿ ಸುಳ್ಳು ಕಂಡಿರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಮೂರು ವರ್ಷ ಜೋಪಾನ ಮಾಡಿದ ದ್ವೇಷ ಅದು. ಅದನ್ನು ಸುಮ್ಮನೆ ಹೋಗಗೊಡುವುದು ನನಗೆ ಸಾಧ್ಯವಿರಲಿಲ್ಲ. ಕೋಣೆಗೆ ಮರಳಿದಾಗ ವೈನಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೂರನೆಯ ದಿನ ಪೂರ್ತಿ ನಾವು ಮಾತಾಡಲಿಲ್ಲ.

ರೈಲಿನಲ್ಲಿ ಬೇರೆ ಬೇರೆ ಬೋಗಿಯಲ್ಲಿ ಕುಂತು ಬಂದೆವು. ಕೊಲ್ಹಾಪುರ ಸ್ಟೇಶನ್ನಿಗೆ ಅಣ್ಣ ಗಾಡಿ ತಂದಿದ್ದ. ವೈನಿ ಹಿಂದಿನ ಸೀಟಿನಲ್ಲಿ ಕುಂತಳು. ನನ್ನನ್ನು ಇಚಲಕರಂಜಿಗೆ ಬಿಟ್ಟು ಅವರು ಮುಂದೆ ಹೋಗುವುದಿತ್ತು. ಮನೆಯ ಮುಂದೆ ಇಳಿದು, ಅಣ್ಣನನ್ನು ಒಂದು ಕಡೆಗೆ ಕರೆದು ಕೇಳಿದೆ.

"ನಾ ವಕೀಲನ್ನ ಹಿಡದೇನಿ ಅಂತ ಅವ್ವ ಹೇಳಿದ್ಲೇನ?"

ಅಣ್ಣ ಕೀಲಿಕೈ ತಿರುವುತ್ತ ನೆಲ ನೋಡಿದ. "ಹೇಳಿದ್ಲು. ವಯಸ್ಸಾಗಿತ್ತ ಬಿಡ."

"ವೈನಿ ಬಿಸಿನೀರ ಕಾಸತಿದ್ಲೇನ?"

"ದಿನಾ ಕಾಸತಿದ್ಲು."

"ಮತ್ತ ಹನ್ನೆರಡನೇ ದಿವಸ ನೀ ಬಾಯಿ ಯಾಕ ತಗೀಲಿಲ್ಲ?"

"ನಾ ನಡುವ ಬಂದ್ರ ಜಗಳ ದೊಡ್ಡದಾಗತಿತ್ತು," ಎಂದ. "ಖರ್ಚ ಎಷ್ಟಾತ ಹೇಳ, ಅರ್ಧ ನಾ ಕೊಡ್ತೇನಿ."

ಪೂರ್ತಿ ಏಳು ಸಾವಿರದ ಎಂಟುನೂರು ಕೇಳಿದೆ. ಅಲ್ಲೇ ನಿಂತು ಎಣಿಸಿ ಕೊಟ್ಟ, ನಾನು ತೆಗೆದುಕೊಂಡೆ. ಅಂದಿನಿಂದ ಅಣ್ಣನಿಗೆ ನಾನಾಗಿ ಫೋನು ಮಾಡಿಲ್ಲ. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಹರಿದು ತಿನ್ನುತ್ತಿದ್ದಾಗ ಎಲ್ಲ ಗೊತ್ತಿದ್ದೂ ಗಾಡಿಯ ಕೀಲಿಕೈ ತಿರುವುತ್ತ ನಿಂತವನನ್ನು ಕ್ಷಮಿಸಲು ನನಗೆ ಇನ್ನೂ ಆಗಿಲ್ಲ.

ಮರುವರ್ಷ ಬೇರೊಂದು ಗುಂಪಿನ ಜತೆ ಹೋಗಿ ಅದೇ ಘಾಟು ದಾಟಿದೆ. ಆ ಸಲ ಹೇಸರಗತ್ತೆಗೆ ಮೊದಲೇ ರೊಕ್ಕ ಕಟ್ಟಿದ್ದೆ. ಊರಿಗೆ ಬಂದ ನಾಲ್ಕು ದಿನಕ್ಕೆ ವೈನಿಯ ಫೋನು ಬಂತು, ಅವಳದೇ ನಂಬರಿನಿಂದ.

"ಹೋಗಿ ಬಂದೀಯಂತ."

"ಹೌದ್ರಿ."

"ಮ್ಯಾಲಿಂದ ಏನ್ ಕಂಡಿತ?"

"ಮಂಜ ಕವದಿತ್ತು. ಏನೂ ಕಾಣಲಿಲ್ಲ."

"ಚಲೋ ಆತು," ಎಂದು ಆಕೆ ಫೋನು ಇಟ್ಟಳು.